ಕುರ್ಚಿಯೂ ಸವೆಯುತ್ತೆ ಸ್ವಾಮಿ

ನೇಗಿಲ ಕುಳ ಸವೆದರೆ ಕುಲುಮೆಗೆ ಒಯ್ದು ತಟ್ಟಿಸುತ್ತೇವೆ. ಬೋರಿನ ಮೋಟಾರು ಸುಟ್ಟರೆ ರೀವೈಂಡಿಂಗ್ ಮಾಡಿಸುತ್ತೇವೆ. ಟ್ರ್ಯಾಕ್ಟರಿನ ಟೈರು ಬೋಳಾದರೆ ಸಾಲ ಮಾಡಿಯಾದರೂ ಹೊಸದು ಹಾಕಿಸುತ್ತೇವೆ. ‘ಹೋದ ಸಲವೇ ಒಂದು ಹಾಕಿಸಿದ್ದೆಯಲ್ಲ, ಮತ್ತೆ ಯಾಕೆ?’ ಅಂತ ಯಾರೂ ಕೇಳುವುದಿಲ್ಲ. ದುಡಿಯುವ ಸಾಮಾನು ಸವೆಯುತ್ತೆ ಅನ್ನುವುದು ಹೊಲಕ್ಕೆ ಇಳಿದ ಎಲ್ಲರಿಗೂ ಗೊತ್ತು. ಕಾಲಿನ ಸ್ವಾಧೀನ ಹೋದವನ ಗಾಲಿಕುರ್ಚಿಯ ವಿಷಯ ಬಂದಾಗ ಮಾತ್ರ ಈ ಬುದ್ಧಿ ಎಲ್ಲೋ ಹೋಗಿಬಿಡುತ್ತೆ. ಒಂದು ಸಲ ಕೊಟ್ಟರೆ ಮುಗಿಯಿತು, ಫೋಟೊ ತೆಗೆದರೆ ಮುಗಿಯಿತು ಅನ್ನುವಂತೆ ಸರಕಾರವೂ ನಡೆದುಕೊಳ್ಳುತ್ತೆ, ಊರವರೂ ಹಾಗೇ ತಿಳಿಯುತ್ತಾರೆ. ವಿಮೆಯವರಂತೂ ಆ ಒಂದು ಸಲವೂ ಕೊಡುವುದಿಲ್ಲ.

ನಾನು ಓದಿದ್ದು ಏಳನೇ ಕ್ಲಾಸು. ಚಿತ್ರದುರ್ಗ ಜಿಲ್ಲೆಯಲ್ಲಿ ಒಂಬತ್ತು ಎಕರೆ ಖುಷ್ಕಿ ಜಮೀನು. ಮಳೆ ಹೊತ್ತಿಗೆ ಬಂದರೆ ಶೇಂಗಾ, ಅದರ ಸಾಲಿನಲ್ಲಿ ತೊಗರಿ. ತಡವಾದರೆ ಹುರುಳಿ. ನನ್ನ ತಮ್ಮ 2011ರಿಂದ ಗಾಲಿಕುರ್ಚಿಯಲ್ಲಿದ್ದಾನೆ. ಹುಣಸೆ ಬಡಿಯಲು ಮರ ಹತ್ತಿದವನು ಕೊಂಬೆ ಮುರಿದು ಬಿದ್ದ. ಬೆನ್ನುಹುರಿಗೆ ಪೆಟ್ಟು ಬಿತ್ತು, ಸೊಂಟದಿಂದ ಕೆಳಗೆ ಸ್ವಾಧೀನ ಹೋಯಿತು. ಆಗ ಅವನಿಗೆ 30 ವರ್ಷ. ಈ ಪತ್ರಿಕೆ ಓದುವ ತೋಟದ ಕಡೆಯವರಿಗೆ ಇದೇನೂ ಹೊಸ ಕತೆಯಲ್ಲ. ನಿಮ್ಮಲ್ಲಿ ಅಡಿಕೆ ಮರ, ತೆಂಗಿನ ಮರ, ಮೆಣಸು ಕೊಯ್ಯುವ ಏಣಿ. ನಮ್ಮಲ್ಲಿ ಹುಣಸೆ ಮರ, ತೆರೆದ ಬಾವಿ, ಮೇವಿನ ಬಣವೆ. ಬೀಳುವ ಜಾಗ ಬೇರೆ ಬೇರೆ, ಬಿದ್ದ ಮೇಲಿನ ಪಾಡು ಒಂದೇ.

ತಮ್ಮ ಸುಮ್ಮನೆ ಕೂತವನಲ್ಲ. ನಮ್ಮೂರ ಹಾಲಿನ ಸಂಘದಲ್ಲಿ ಬೆಳಿಗ್ಗೆ ಸಂಜೆ ಲೆಕ್ಕ ಬರೆಯುತ್ತಾನೆ. ಬಿತ್ತನೆ ಶೇಂಗಾ ಆರಿಸುವುದು ಅವನೇ. ಬೋರಿನ ಸ್ಟಾರ್ಟರ್ ಅವನ ಕೈಯಲ್ಲೇ. ಅಂದರೆ ಕುರ್ಚಿ ಅವನಿಗೆ ಕೂರುವ ಸಾಮಾನಲ್ಲ, ದುಡಿಯುವ ಸಾಮಾನು. ಅದು ನಿಂತ ದಿನ ಅವನ ಸಂಪಾದನೆಯೂ ನಿಂತಿತು.

ಕುರ್ಚಿ ಎಷ್ಟು ದಿನ ಬಾಳುತ್ತೆ?

ಶಿಬಿರಗಳಲ್ಲಿ ಸಾಮಾನ್ಯವಾಗಿ ಕೊಡುವುದು ಮಡಚುವ ಕುರ್ಚಿ. ಅದು ಆಸ್ಪತ್ರೆಯ ನುಣುಪು ನೆಲಕ್ಕೆ ಹೇಳಿ ಮಾಡಿಸಿದ್ದು. ಹಿಂದೆ ದೊಡ್ಡ ಗಾಲಿ ಎರಡು, ಮುಂದೆ ತಿರುಗುವ ಸಣ್ಣ ಗಾಲಿ ಎರಡು. ನಮ್ಮ ಬೀದಿಯಲ್ಲಿ ಕಲ್ಲು, ಗಾಡಿ ಜಾಡು, ಮಳೆ ಬಂದರೆ ಕೆಸರು. ಮುಂದಿನ ಸಣ್ಣ ಗಾಲಿ ಹೂತುಕೊಳ್ಳುತ್ತೆ, ಅದರ ಬೇರಿಂಗಿಗೆ ಧೂಳು ಕೂರುತ್ತೆ. ತಮ್ಮನ ಮೊದಲ ಕುರ್ಚಿ 2012ರಲ್ಲಿ ಬಂತು. ಒಂದೇ ವರ್ಷಕ್ಕೆ ಮುಂದಿನ ಗಾಲಿ ಕಿರುಗುಟ್ಟಿತು. ಎರಡನೇ ವರ್ಷಕ್ಕೆ ಕೂರುವ ಬಟ್ಟೆ ತೊಟ್ಟಿಲಿನ ಹಾಗೆ ಜೋತುಬಿತ್ತು. ಮೂರನೇ ವರ್ಷ ಮುಂದಿನ ಗಾಲಿ ಹಿಡಿಯುವ ಕವೆ ಬಿರುಕು ಬಿಟ್ಟಿತು. ಸೈಕಲ್ ಶಾಪಿನ ಹುಡುಗ ಎರಡು ಸಲ ವೆಲ್ಡಿಂಗ್ ಮಾಡಿ, ‘ದೊಡ್ಡಪ್ಪಾ, ಇನ್ನು ಇದರ ಮೇಲೆ ಬೆಸುಗೆ ನಿಲ್ಲಲ್ಲ’ ಅಂದುಬಿಟ್ಟ.

ಟೈರಿನದು ಇನ್ನೊಂದು ಪೀಕಲಾಟ. ಗಾಳಿ ಟೈರು ಇದ್ದರೆ ಬಳ್ಳಾರಿ ಜಾಲಿ ಮುಳ್ಳು ಬಿಡುವುದಿಲ್ಲ, ವಾರಕ್ಕೆರಡು ಪಂಕ್ಚರು. ಗಟ್ಟಿ ರಬ್ಬರಿನದು ಹಾಕಿಸಿದರೆ ಮುಳ್ಳಿನ ಕಾಟ ತಪ್ಪುತ್ತೆ, ಆದರೆ ಪ್ರತಿ ಕಲ್ಲಿನ ಏಟೂ ನೇರ ಬೆನ್ನಿಗೇ ಹೋಗುತ್ತೆ. ಎತ್ತಿನ ಗಾಡಿಗೆ ಕೀಲೆಣ್ಣೆ ಹಾಕಿದ ಹಾಗೆ ನಾವು ತಿಂಗಳಿಗೊಮ್ಮೆ ಬೇರಿಂಗಿಗೆ ಗ್ರೀಸ್ ಹಾಕುತ್ತೇವೆ. ಹಾಗೆ ನೋಡಿಕೊಂಡೂ ಒಂದು ಕುರ್ಚಿ ಐದು ವರ್ಷ ಬಂದದ್ದೇ ಹೆಚ್ಚು. ಎರಡನೆಯದು 2017ರಲ್ಲಿ ಬಂತು, 2022ರಲ್ಲಿ ಚೌಕಟ್ಟೇ ಮುರಿಯಿತು.

ಹುಣ್ಣಿಗೆ ಹಣ ಉಂಟು, ದಿಂಬಿಗೆ ಇಲ್ಲ

ಕುರ್ಚಿ ಮುರಿದರೆ ಓಡಾಟ ನಿಲ್ಲುತ್ತೆ, ಅಷ್ಟೇ ತಾನೇ ಅಂದುಕೊಳ್ಳಬೇಡಿ. ಬೆನ್ನುಹುರಿ ಹೋದವರಿಗೆ ಕೂತ ಜಾಗದ ಚರ್ಮದಲ್ಲಿ ನೋವು ತಿಳಿಯುವುದಿಲ್ಲ. ನಮಗೆ ಕೂತು ಕೂತು ನೊಂದರೆ ಮಗ್ಗುಲು ಬದಲಿಸುತ್ತೇವೆ, ಅವರಿಗೆ ಅದು ಗೊತ್ತೇ ಆಗಲ್ಲ. ಒಂದೇ ಕಡೆ ಒತ್ತಿದರೆ ಅಲ್ಲಿ ರಕ್ತ ಓಡುವುದು ನಿಂತು ಮಾಂಸ ಸಾಯುತ್ತೆ, ಹುಣ್ಣಾಗುತ್ತೆ. ಅದಕ್ಕೇ ಅವರು ಆಗಾಗ ಕೈ ಊರಿ ಮೈ ಎತ್ತಬೇಕು, ಕೆಳಗೆ ಒಳ್ಳೆ ದಿಂಬು ಇರಬೇಕು. ದಿಂಬಿನ ಸ್ಪಂಜು ಚಪ್ಪಟೆಯಾದರೆ ಬದಲಿಸಲೇಬೇಕು. ಜೋತುಬಿದ್ದ ಬಟ್ಟೆಯ ಮೇಲೆ ಕೂರಿಸುವುದೂ ಹುಣ್ಣು ಸಾಕುವುದೂ ಒಂದೇ.

2022ರಲ್ಲಿ ಕುರ್ಚಿ ಮುರಿದಾಗ ನಾನು ಒಂದು ಕಚೇರಿಗೆ ಹೋದೆ. ಅಲ್ಲಿದ್ದವರು, ‘ಯಜಮಾನ್ರೇ, ನಿಮ್ಮ ತಮ್ಮಂಗೆ ಕೊಟ್ಟಾಗಿದೆಯಲ್ಲ. ಇನ್ನೂ ಒಂದೂ ಸಿಗದೋರು ಎಷ್ಟು ಜನ ಇದ್ದಾರೆ’ ಅಂದರು. ಅವರ ಮಾತಿನಲ್ಲಿ ಅರ್ಧ ನಿಜ ಇತ್ತು. ಒಂದೂ ಸಿಗದವರು ಇದ್ದೇ ಇದ್ದಾರೆ. ಆದರೆ ಮುರಿದ ಕುರ್ಚಿಯವನು ಕೂಡ ಕುರ್ಚಿ ಇಲ್ಲದವನೇ ತಾನೇ? ಅರ್ಜಿ ಕೊಟ್ಟು ಹೊಸದು ಕೈಗೆ ಬರಲು 14 ತಿಂಗಳು ಹಿಡಿಯಿತು. ಅಷ್ಟು ದಿನ ತಂತಿ ಬಿಗಿದು, ಹಲಗೆ ಇಟ್ಟು ಕೂರಿಸಿದೆವು. ಬಾಲಮೂಳೆಯ ಹತ್ತಿರ ಹುಣ್ಣಾಯಿತು. ಜಿಲ್ಲೆಯ ಊರಿನಲ್ಲಿ 19 ದಿನ ಆಸ್ಪತ್ರೆ, ಆಪರೇಷನ್, ಆಮೇಲೆ ಮನೆಯಲ್ಲಿ ಎರಡೂವರೆ ತಿಂಗಳು ಬೋರಲಾಗಿ ಮಲಗಿದ.

ಆಪರೇಷನ್ನಿನ ಖರ್ಚು ಸರಕಾರದ ಆರೋಗ್ಯ ಕಾರ್ಡಿನಲ್ಲಿ ಹೋಯಿತು, ಅದಕ್ಕೆ ನಾವು ಋಣಿಗಳು. ಆದರೂ ಓಡಾಟ, ಜೊತೆಗಿದ್ದವರ ಊಟ, ಹೊರಗಿನ ಔಷಧಿ, ದಿನದಿನದ ಡ್ರೆಸ್ಸಿಂಗ್ ಅಂತ ಕೈಯಿಂದ 22,000 ರೂಪಾಯಿ ಆಯಿತು. ಹಾಲಿನ ಸಂಘದ ಸಂಬಳ ಹೋದದ್ದು ಬೇರೆ. ಆಗ ಪೇಟೆಯಲ್ಲಿ ವಿಚಾರಿಸಿದರೆ ಅಂಥದ್ದೇ ಕುರ್ಚಿಗೆ 9,000, ಸಾಧಾರಣ ಒಳ್ಳೆ ದಿಂಬಿಗೆ 3,000. ಹನ್ನೆರಡು ಸಾವಿರದ ಸಾಮಾನು ಹೊತ್ತಿಗೆ ಸಿಗದೆ ಅದರ ಎರಡರಷ್ಟು ನಮ್ಮ ಕೈಯಿಂದ ಹೋಯಿತು, ಸರಕಾರದ ಕೈಯಿಂದ ಎಷ್ಟೋ ಹೋಯಿತು. ಹುಣ್ಣಾದ ಮೇಲೆ ಕೊಡಲು ಹಣ ಇದೆ, ಹುಣ್ಣಾಗದಂತೆ ತಡೆಯುವ ದಿಂಬಿಗೆ ಇಲ್ಲ. ಕೆರೆ ಏರಿ ಒಡೆದ ಮೇಲೆ ಪರಿಹಾರ ಕೊಡುತ್ತೇವೆ, ಬಿರುಕಿಗೆ ಮಣ್ಣು ಹಾಕಲು ಮಾತ್ರ ದುಡ್ಡಿಲ್ಲ ಅಂದ ಹಾಗಾಯಿತು ಇದು.

ಖಾಸಗಿ ವಿಮೆಯವರನ್ನೂ ಕೇಳಿದೆ. ಏಜೆಂಟರು ಒಳ್ಳೆಯ ಮನುಷ್ಯ, ಪಾಲಿಸಿ ಪುಸ್ತಕವನ್ನೇ ತೆಗೆದು ತೋರಿಸಿದರು. ಕೊನೆಯಲ್ಲಿ ಹಣ ಸಿಗದ ಸಾಮಾನುಗಳ ಪಟ್ಟಿ. ಕುತ್ತಿಗೆ ಪಟ್ಟಿ, ಸೊಂಟದ ಬೆಲ್ಟು ಇವುಗಳ ಜೊತೆಯಲ್ಲೇ ನಡೆದಾಡಲು ನೆರವಾಗುವ ಸಾಧನಗಳ ಖರ್ಚೂ ಇತ್ತು. ‘ಅಣ್ಣಾ, ಹುಣ್ಣು ಅಂದರೆ ಕಾಯಿಲೆ, ಕುರ್ಚಿ ಅಂದರೆ ಸಾಮಾನು. ನಾವು ಕಾಯಿಲೆಗೆ ಕೊಡ್ತೀವಿ’ ಅಂದರು.

ಎಲ್ಲದಕ್ಕೂ ವಿಮೆ, ಇದಕ್ಕೊಂದು ಬಿಟ್ಟು

ನಮ್ಮ ಮನೆಯಲ್ಲಿ ಯಾವುದಕ್ಕೆಲ್ಲ ವಿಮೆ ಇದೆ ಎಂದು ಒಂದು ದಿನ ಕೂತು ಲೆಕ್ಕ ಹಾಕಿದೆವು. ಶೇಂಗಾಕ್ಕೆ ಇದೆ. 2016ರಲ್ಲಿ ಬಂದ ಫಸಲ್ ಬಿಮಾ ಯೋಜನೆಯಲ್ಲಿ ಮುಂಗಾರಿನ ಕಾಳು, ಎಣ್ಣೆಕಾಳು ಬೆಳೆಗೆ ವಿಮೆ ಮೊತ್ತದ ಶೇ. 2 ನಾವು ಕಟ್ಟುತ್ತೇವೆ, ಉಳಿದದ್ದನ್ನು ಸರಕಾರಗಳು ತುಂಬುತ್ತವೆ. ಎರಡು ಹಸುವಿಗೂ ಇದೆ, ಕಿವಿಗೆ ಬಿಲ್ಲೆ ಹೊಡೆದಿದ್ದಾರೆ. ಮಗನ ಬೈಕಿಗೆ ಇದೆ, ಇಲ್ಲದಿದ್ದರೆ ಪೊಲೀಸರು ಹಿಡಿಯುತ್ತಾರೆ. ಎರಡು ಗಾಲಿಯ ಬೈಕಿಗೆ ವಿಮೆ ಕಡ್ಡಾಯ, ನಾಲ್ಕು ಗಾಲಿಯ ಕುರ್ಚಿಗೆ ಕೇಳಿದರೂ ಸಿಗಲ್ಲ.

ಬಿದ್ದವರಿಗೆ ವಿಮೆ ಇಲ್ಲವೇ ಇಲ್ಲ ಅಂತಲ್ಲ. 2015ರಲ್ಲಿ ಶುರುವಾದ ಪ್ರಧಾನಮಂತ್ರಿ ಸುರಕ್ಷಾ ಬಿಮಾ ಯೋಜನೆ ಇದೆ. ಮೊದಲು ವರ್ಷಕ್ಕೆ 12 ರೂಪಾಯಿ ಇತ್ತು, 2022ರ ಜೂನ್‌ನಿಂದ 20 ರೂಪಾಯಿ. 18ರಿಂದ 70 ವರ್ಷದ ಒಳಗಿನವರು ಬ್ಯಾಂಕ್ ಖಾತೆಯಿಂದ ಕಟ್ಟಬಹುದು. ಅಪಘಾತದಲ್ಲಿ ಎರಡೂ ಕಾಲಿನ ಸ್ವಾಧೀನ ಪೂರ್ತಿ ಹೋದರೆ 2 ಲಕ್ಷ, ಒಂದು ಕಾಲಿನದು ಹೋದರೆ 1 ಲಕ್ಷ. ಮರ ಹತ್ತುವವರೆಲ್ಲ ಇದನ್ನು ಇವತ್ತೇ ಮಾಡಿಸಿ. ನನ್ನ ತಮ್ಮ ಬಿದ್ದಾಗ ಇದು ಇರಲಿಲ್ಲ. ತೆಂಗಿನ ಮರ ಏರುವವರಿಗೆ ತೆಂಗು ಅಭಿವೃದ್ಧಿ ಮಂಡಳಿಯ ‘ಕೇರ ಸುರಕ್ಷಾ’ ವಿಮೆಯೂ ಇದೆ. ಆದರೆ ಕಾಲಿಗೆ ಬರುವ ಈ ಪರಿಹಾರ ಒಂದೇ ಸಲ ಬರುವ ಹಣ. ಅದು ಮೊದಲ ವರ್ಷದ ಆಸ್ಪತ್ರೆ, ಸಾಲದಲ್ಲೇ ಕರಗಿಹೋಗುತ್ತೆ. ಮೂವತ್ತು ವರ್ಷದವನು ಬಿದ್ದರೆ ಇನ್ನೂ ಮೂವತ್ತು ನಲವತ್ತು ವರ್ಷ ಬದುಕಬೇಕು. ಐದು ವರ್ಷಕ್ಕೊಂದು ಅಂದರೂ ಆರೇಳು ಕುರ್ಚಿ ಬೇಕು. ಆ ಕುರ್ಚಿಗಳ ಲೆಕ್ಕವನ್ನು ಯಾವ ವಿಮೆಯೂ ಇಟ್ಟುಕೊಂಡಿಲ್ಲ.

ಕಾನೂನಿನಲ್ಲೂ ನೋಡಿಸಿದೆ. 2016ರ ವಿಕಲಚೇತನರ ಹಕ್ಕುಗಳ ಕಾಯಿದೆಯ 26ನೇ ಕಲಮಿನಲ್ಲಿ ವಿಮೆಯ ಮಾತು ಇದೆ. ಆದರೆ ಅದು ಸರಕಾರ ತನ್ನ ವಿಕಲಚೇತನ ನೌಕರರಿಗೆ ಮಾಡಬೇಕಾದ ವಿಮೆ. ಸಂಬಳ ಬರುವವರಿಗೆ ಆಗಲಿ, ಸಂತೋಷ. ಹೊಲದಲ್ಲಿ ಬಿದ್ದವನ ಮಾತು ಆ ಕಲಮಿನಲ್ಲಿ ಇಲ್ಲ.

‘ಪುಕ್ಕಟೆ ಕೊಡ್ತಾರಲ್ಲ’ ಅನ್ನುವವರಿಗೆ

ಸರಕಾರ ಪುಕ್ಕಟೆ ಕೊಡುವಾಗ ವಿಮೆ ಯಾಕೆ ಬೇಕು ಎಂದು ಕೆಲವರು ಕೇಳುತ್ತಾರೆ. ಕೇಂದ್ರ ಸರಕಾರದ ‘ಅಡಿಪ್’ ಯೋಜನೆ 1981ರಿಂದ ಇದೆ. ಕಾನ್ಪುರದ ಅಲಿಂಕೋ ಕಾರ್ಖಾನೆಯ ಕುರ್ಚಿಗಳು ಹೆಚ್ಚಾಗಿ ಬರುವುದು ಇದರಲ್ಲೇ. ಶೇ. 40ಕ್ಕೆ ಕಡಿಮೆಯಿಲ್ಲದ ಅಂಗವೈಕಲ್ಯದ ಸರ್ಟಿಫಿಕೇಟು ಬೇಕು. 2022ರಲ್ಲಿ ಮಾಡಿದ ತಿದ್ದುಪಡಿಯಂತೆ ತಿಂಗಳ ಆದಾಯ 22,500 ರೂಪಾಯಿವರೆಗೆ ಇದ್ದರೆ ಪೂರ್ತಿ ಉಚಿತ, 30,000ದವರೆಗೆ ಅರ್ಧ. ಮುಖ್ಯವಾದ ಮಾತು ಇದು: ಅದೇ ಸಾಧನವನ್ನು ಹಿಂದಿನ ಮೂರು ವರ್ಷದಲ್ಲಿ ಪಡೆದಿರಬಾರದು. 12 ವರ್ಷದ ಒಳಗಿನ ಮಕ್ಕಳಿಗೆ ಇದು ಒಂದೇ ವರ್ಷ, ಮಕ್ಕಳು ಬೆಳೆಯುತ್ತಾರಲ್ಲ. ಅಂದರೆ ಮೂರು ವರ್ಷ ಕಳೆದ ಮೇಲೆ ಮತ್ತೆ ಕೇಳಲು ದಾರಿ ಇದೆ. ‘ಒಂದ್ಸಲ ಕೊಟ್ಟಾಯ್ತು’ ಅನ್ನುವುದು ನಿಯಮದಲ್ಲಿ ಇಲ್ಲ. ಕಚೇರಿಯಲ್ಲಿ ಯಾರಾದರೂ ಹಾಗಂದರೆ ಮೂರು ವರ್ಷದ ನಿಯಮ ಹೇಳಿ, ಅರ್ಜಿಗೆ ಸ್ವೀಕೃತಿ ಕೇಳಿ. ಕುರ್ಚಿ ಕೊಟ್ಟ ದಿನದ ಚೀಟಿಯನ್ನು ಪಹಣಿ ಇಟ್ಟ ಹಾಗೆ ಜೋಪಾನವಾಗಿ ಇಡಿ.

ಯೋಜನೆ ಒಳ್ಳೆಯದೇ. ಆದರೆ ಶಿಬಿರ ಬರುವುದು ಅದಕ್ಕೆ ಬೇಕಾದಾಗ, ಕುರ್ಚಿ ಮುರಿಯುವುದು ಅದಕ್ಕೆ ಬೇಕಾದಾಗ. ಎರಡರ ನಡುವೆ ಮನುಷ್ಯ ಎಲ್ಲಿ ಕೂರಬೇಕು? ಶಿಬಿರದಲ್ಲಿ ಬಂದ ಅಳತೆಯೇ ನಮ್ಮ ಅಳತೆ. ತೆಳ್ಳಗಿರುವವನಿಗೂ ಅದೇ, ದಪ್ಪಗಿರುವವನಿಗೂ ಅದೇ. ಆಮೇಲೆ ರಿಪೇರಿ ಅಂದರೆ ನಮ್ಮ ಪಾಡು ನಮ್ಮದು. ವಿಶ್ವ ಆರೋಗ್ಯ ಸಂಸ್ಥೆ 2008ರಲ್ಲೇ ಬಡ ದೇಶಗಳಲ್ಲಿ ಗಾಲಿಕುರ್ಚಿ ಹೇಗೆ ಕೊಡಬೇಕು ಎಂದು ಎಂಟು ಹಂತ ಬರೆದಿದೆ. ಅಳತೆ ನೋಡುವುದು, ಹೊಂದಿಸುವುದು, ಬಳಸಲು ಕಲಿಸುವುದು ಎಲ್ಲ ಅದರಲ್ಲಿದೆ. ಎಂಟನೆಯದು ರಿಪೇರಿ, ಮತ್ತೆ ಮತ್ತೆ ಬಂದು ನೋಡುವುದು. ನಾನು ಕಂಡ ಶಿಬಿರಗಳು ಆ ಎಂಟನೆಯದನ್ನು ಮುಟ್ಟಿದ್ದೇ ಇಲ್ಲ.

ಅಮೆರಿಕದಲ್ಲಿ ಹೇಗೆ ಎಂದು ಅಲ್ಲಿ ಕೆಲಸಕ್ಕಿರುವ ನಮ್ಮೂರ ಹುಡುಗನನ್ನು ಕೇಳಿದೆ. ಅಲ್ಲಿ 65 ದಾಟಿದವರಿಗೂ ಕೆಲವು ಅಂಗವಿಕಲರಿಗೂ ಮೆಡಿಕೇರ್ ಅನ್ನುವ ಸರಕಾರಿ ವಿಮೆ ಇದೆ. ಅದರಲ್ಲಿ ಗಾಲಿಕುರ್ಚಿ ಬಾಳಿಕೆ ಬರುವ ವೈದ್ಯಕೀಯ ಸಾಮಾನು ಎಂದು ಲೆಕ್ಕ. ವರ್ಷದ ಮೊದಲ ಪಾಲನ್ನು ರೋಗಿ ಕೊಟ್ಟ ಮೇಲೆ, ಒಪ್ಪಿದ ಬೆಲೆಯಲ್ಲಿ ಶೇ. 80 ವಿಮೆ ಕೊಡುತ್ತೆ. ಕುರ್ಚಿಯ ಆಯುಸ್ಸು ಐದು ವರ್ಷ ಎಂದು ಹಿಡಿದಿದ್ದಾರೆ. ಅದು ಸವೆದ ಮೇಲೆ ಬದಲಿ, ನಡುವೆ ಕೆಟ್ಟರೆ ರಿಪೇರಿಗೂ ಹಣ. ಅಲ್ಲೂ ಕೊಂಕು ಇಲ್ಲದಿಲ್ಲ. ಮನೆಯೊಳಗೆ ಓಡಾಡಲು ಬೇಕು ಅಂದರೆ ಮಾತ್ರ ಕೊಡುತ್ತಾರಂತೆ, ಬೀದಿಗೆ, ಹೊಲಕ್ಕೆ ಬೇಕು ಅಂದರೆ ಇಲ್ಲ. ಆ ಕೊಂಕು ನಮಗೆ ಬೇಡ. ಆದರೆ ಕುರ್ಚಿಗೆ ಆಯುಸ್ಸು ಇದೆ, ಅದು ಮುಗಿದಾಗ ಬದಲಿ ಕೊಡಬೇಕು ಎಂದು ವಿಮೆಯ ಪುಸ್ತಕದಲ್ಲೇ ಬರೆದಿದ್ದಾರಲ್ಲ, ಅದನ್ನು ನಾವು ತೆಗೆದುಕೊಳ್ಳಬಹುದು.

ನಮ್ಮ ಸಂಘಗಳೇ ಶುರು ಮಾಡಲಿ

ನಮ್ಮ ರಾಜ್ಯಕ್ಕೆ ಇದು ಆಗದ ಕೆಲಸವಲ್ಲ. ಯಶಸ್ವಿನಿ ನೆನಪು ಮಾಡಿಕೊಳ್ಳಿ. 2003ರಲ್ಲಿ ತಿಂಗಳಿಗೆ 5 ರೂಪಾಯಿ ಲೆಕ್ಕದಲ್ಲಿ ಸಹಕಾರ ಸಂಘದ ರೈತರು ಕಟ್ಟಿ, ದೊಡ್ಡ ಆಸ್ಪತ್ರೆಯಲ್ಲಿ ಆಪರೇಷನ್ ಮಾಡಿಸಿಕೊಳ್ಳುವ ಹಾಗಾಯಿತು. ನಡುವೆ 2018ರಲ್ಲಿ ನಿಂತು, 2023ರ ಜನವರಿಯಿಂದ ಮತ್ತೆ ಶುರುವಾಗಿದೆ. ಬೆನ್ನಿನ ಆಪರೇಷನ್ನಿಗೆ ಕೊಡುವ ಯೋಜನೆ, ಆ ಬೆನ್ನಿನವನು ಆಸ್ಪತ್ರೆಯ ಬಾಗಿಲು ದಾಟಿ ಮನೆಗೆ ಬರಲು ಬೇಕಾದ ಕುರ್ಚಿಗೂ ಕೊಡಲಿ. ಮೂರು ವರ್ಷಕ್ಕೊಮ್ಮೆ ಬದಲಿ, ವರ್ಷಕ್ಕೊಂದು ದಿಂಬು, ರಿಪೇರಿಗೆ ಇಂತಿಷ್ಟು ಎಂದು ಬರೆಯಲಿ. ಅದಕ್ಕೆ ಪ್ರತಿ ಮನೆಯಿಂದ ವರ್ಷಕ್ಕೆ ಹತ್ತು ಇಪ್ಪತ್ತು ರೂಪಾಯಿ ಹೆಚ್ಚು ಕೇಳಿದರೆ ಕೊಡದ ರೈತ ಯಾರಿದ್ದಾರೆ? ಸಾವಿರ ಸದಸ್ಯರ ಒಂದು ಸಂಘದಲ್ಲಿ ಇಪ್ಪತ್ತರಂತೆ 20,000 ಆಯಿತು. ನಾನು ವಿಚಾರಿಸಿದ ಬೆಲೆಯಲ್ಲಿ ವರ್ಷಕ್ಕೆ ಎರಡು ಕುರ್ಚಿಯ ಹಣ ಅದು. ಪ್ರತಿ ವರ್ಷ ಪ್ರತಿ ಸಂಘದಲ್ಲಿ ಇಬ್ಬರಿಗೆ ಬೇಕಾಗುತ್ತೆ ಅಂತಲೂ ಇಲ್ಲ. ಹಲವರು ಕಟ್ಟಿ, ಬಿದ್ದ ಕೆಲವರಿಗೆ ಕೊಡುವುದೇ ವಿಮೆ ಅಲ್ಲವೇ?

ಅದು ಆಗುವ ತನಕ ಕಾಯಬೇಕಿಲ್ಲ. ಹಾಲಿನ ಸಂಘದಲ್ಲಿ ದಿನಕ್ಕೆ 800 ಲೀಟರ್ ಹಾಲು ಬಂದರೆ, ಲೀಟರಿಗೆ 2 ಪೈಸೆ ತೆಗೆದಿಟ್ಟರೂ ದಿನಕ್ಕೆ 16 ರೂಪಾಯಿ, ವರ್ಷಕ್ಕೆ 5,840 ರೂಪಾಯಿ. ಬೇರಿಂಗು, ಟೈರು, ವೆಲ್ಡಿಂಗು, ದಿಂಬು ಎಲ್ಲಕ್ಕೂ ಅದು ಸಾಕು. ನಮ್ಮೂರು ಮತ್ತು ಎರಡು ಹಟ್ಟಿ ಸೇರಿ ಗಾಲಿಕುರ್ಚಿ ಬಳಸುವವರು ಮೂವರು. ಮೂವರಿಗೂ ರಿಪೇರಿ ನಡೆದುಹೋಗುತ್ತೆ. ಗ್ರಾಮ ಪಂಚಾಯ್ತಿಯಲ್ಲೂ ಸ್ವಂತ ಆದಾಯದ ಶೇ. 5 ವಿಕಲಚೇತನರಿಗಾಗಿ ಖರ್ಚು ಮಾಡಬೇಕೆಂಬ ನಿಯಮ ಇದೆ. ಅದನ್ನು ರಿಪೇರಿಗೆ, ದಿಂಬಿಗೆ ಬಳಸಿ ಎಂದು ಗ್ರಾಮಸಭೆಯಲ್ಲಿ ಕೇಳಿ. ಪಂಚಾಯ್ತಿಗೊಬ್ಬರಂತೆ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರನ್ನು ಇಟ್ಟಿದ್ದಾರೆ. ಅರ್ಜಿ ಬರೆಯಲು ಅವರ ನೆರವು ಪಡೆಯಿರಿ.

‘ಹೊಸದು ಕೊಟ್ಟರೆ ಮಾರಿಕೊಳ್ತಾರೆ’ ಅನ್ನುವವರೂ ಇದ್ದಾರೆ. ಅದಕ್ಕೂ ದಾರಿ ಇದೆ. ಹೊಸದು ಕೊಡುವಾಗ ಹಳೆಯದನ್ನು ವಾಪಸ್ ತೆಗೆದುಕೊಳ್ಳಲಿ. ಒಂದರ ಚೌಕಟ್ಟು ಮುರಿದಿದ್ದರೂ ಅದರ ಹಿಂದಿನ ಗಾಲಿ, ಬ್ರೇಕು, ಕಾಲಿಡುವ ಪಟ್ಟಿ ಇನ್ನೊಂದಕ್ಕೆ ಆಗುತ್ತೆ. ಸಂಘದ ಕೋಣೆಯ ಒಂದು ಮೂಲೆಯಲ್ಲಿ ಹಳೆಯ ಕುರ್ಚಿ ಎರಡು ಇದ್ದರೆ, ಹೊಸದು ಬರುವ ತನಕ ಕೂರಲು ಒಂದು ಜಾಗವಾದರೂ ಇರುತ್ತೆ. ಆ 14 ತಿಂಗಳಲ್ಲಿ ಅಂಥದ್ದೊಂದು ಕುರ್ಚಿ ಸಿಕ್ಕಿದ್ದರೆ ನನ್ನ ತಮ್ಮನಿಗೆ ಹುಣ್ಣಾಗುತ್ತಿರಲಿಲ್ಲ.

ಓದುಗರಲ್ಲಿ ನನ್ನದೊಂದು ಕೇಳಿಕೆ. ನಿಮ್ಮ ಊರಿನಲ್ಲಿ ಗಾಲಿಕುರ್ಚಿ ಬಳಸುವವರು ಎಷ್ಟು ಜನ, ಅವರಿಗೆ ಕುರ್ಚಿ ಬಂದದ್ದು ಯಾವ ವರ್ಷ, ಈಗ ಅದು ನಡೆಯುತ್ತಿದೆಯೇ ಎಂದು ಒಂದು ಕಾರ್ಡಿನಲ್ಲಿ ಬರೆದು ಪತ್ರಿಕೆಗೆ ಕಳಿಸಿ. ಲೆಕ್ಕ ಕೈಯಲ್ಲಿದ್ದರೆ ಮಾತಿಗೆ ತೂಕ ಬರುತ್ತೆ. ಈ ಸಲ ನಿಮ್ಮ ಸಂಘದ ವಾರ್ಷಿಕ ಮಹಾಸಭೆಯಲ್ಲಿ ಯಾರಾದರೂ ಒಬ್ಬರು ಎದ್ದು ನಿಂತು ಆ 2 ಪೈಸೆಯ ಮಾತು ಎತ್ತಿ. ಎದ್ದು ನಿಲ್ಲಲಾಗದವರ ಪರವಾಗಿ ಅಷ್ಟು ಮಾಡಿದರೂ ಸಾಕು.